ತೋಟ ಹಿಡಿಯುವ ಮೊದಲು ಒಂದು ಎಪ್ರಿಲ್ ನೋಡು

ಮಾರಾಯ,

ನಿನ್ನ ಪತ್ರ ಸಿಕ್ಕಿತು. ಬೆಂಗಳೂರಿನ ಕೆಲಸ ಬಿಟ್ಟು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಎರಡು ಎಕ್ರೆ ಅಡಿಕೆ ತೋಟ ತೆಗೆದುಕೊಳ್ಳುವ ಯೋಚನೆಗೆ ನನ್ನದೇನೂ ಅಡ್ಡಿಯಿಲ್ಲ. ಆದರೆ ತೋಟ ನೋಡಿದ್ದು ಆಗಸ್ಟಿನಲ್ಲಿ ಅಂತ ಬರೆದಿದ್ದೀಯಲ್ಲ, ತಕರಾರು ಅಲ್ಲೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಆಗಸ್ಟಿಗೆ ಎಲ್ಲ ತೋಟವೂ ಚಂದವೇ. ಆ ಮಳೆಯ ಬಹುಪಾಲು ಸೆಪ್ಟೆಂಬರಿನೊಳಗೆ ಸುರಿದು, ಗುಡ್ಡ ಇಳಿದು, ತೋಡು ಸೇರಿ ಸಮುದ್ರಕ್ಕೆ ಹೋಗಿಯಾಗಿರುತ್ತದೆ. ತೋಟದ ನಿಜವಾದ ಬೆಲೆ ತಿಳಿಯುವುದು ಎಪ್ರಿಲ್ ಕೊನೆಗೆ. ಅಲ್ಲಿಯವರೆಗೆ ಮುಂಗಡ ಕೊಡಬೇಡ, ರಾಜೀನಾಮೆಯನ್ನೂ ಕೊಡಬೇಡ.

ಬೇಸಗೆಯ ನೀರಿನ ಲೆಕ್ಕ ಹೀಗೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕ್ರೆಗೆ 540ರಷ್ಟು ಮರ. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೂ ಎಕ್ರೆಗೆ 11,000 ಲೀಟರ್, ನಿನ್ನ ಎರಡು ಎಕ್ರೆಗೆ 22,000. ಬುಡಕ್ಕೆ ಹಾಯಿಸುವ ಹಳೆಯ ಕ್ರಮವಾದರೆ ಮಾರ್ಚಿನಿಂದ ಮೇವರೆಗೆ 3ರಿಂದ 5 ದಿನಕ್ಕೊಮ್ಮೆ ಮರವೊಂದಕ್ಕೆ 175 ಲೀಟರ್ ಬೇಕು, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು.

ಆ ಜಾಗದಲ್ಲಿ ಸುರಂಗ ಉಂಟು ಎಂದಿದ್ದೀಯ. ಒಳ್ಳೆಯದು, ಬಾಯಾರು, ಶೇಣಿ, ಪಡ್ರೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳೇ ಎಷ್ಟೋ ಮನೆಗಳನ್ನು ಸಾಕಿವೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಇಳಿದು ಬರುತ್ತದೆ. ಮಾರುವವರು "ನೂರು ಕೋಲು ಸುರಂಗ" ಎಂದು ಉದ್ದ ಹೇಳುತ್ತಾರೆ. ಕೋಲೆಂದರೆ ಸುಮಾರು ಎರಡೂವರೆ ಅಡಿ. ಉದ್ದಕ್ಕೂ ನೀರಿಗೂ ಸಂಬಂಧವಿಲ್ಲ. ಎಪ್ರಿಲ್ ಕೊನೆಗೆ ಸುರಂಗದಿಂದ ಬರುವ ಪೈಪಿನ ಕೆಳಗೆ 20 ಲೀಟರಿನ ಬಾಲ್ದಿ ಇಟ್ಟು ಗಡಿಯಾರ ನೋಡು. ತುಂಬಲು ಎರಡು ನಿಮಿಷ ಹಿಡಿದರೆ ದಿನಕ್ಕೆ 14,400 ಲೀಟರ್: ಒಂದು ಎಕ್ರೆಗೂ ಮನೆಗೂ ಸಾಕು, ಎರಡು ಎಕ್ರೆಗೆ ಸಾಲದು. 80 ಸೆಕೆಂಡಿನಲ್ಲಿ ತುಂಬಿದರೆ ಮಾತ್ರ ನಿನ್ನ ತೋಟದ ಲೆಕ್ಕ ಸರಿಹೋಗುತ್ತದೆ. ನೀರು ರಾತ್ರಿಯೂ ಹರಿಯುತ್ತದಲ್ಲ, ಅದನ್ನು ಹಿಡಿಯುವ ಟ್ಯಾಂಕಿ ಇಲ್ಲದಿದ್ದರೆ ಅರ್ಧ ಲೆಕ್ಕ ತೋಡಿಗೆ. ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಮಣ್ಣಿನ ಟ್ಯಾಂಕಿ ಕಾಂಕ್ರೀಟಿಗಿಂತ ಎಷ್ಟೋ ಅಗ್ಗ. ಡ್ರಿಪ್ಪಿಗೆ ಬಿಡುವ ಮೊದಲು ಫಿಲ್ಟರ್ ಬೇಕೇ ಬೇಕು. ಸುರಂಗದ ನೀರಿನೊಟ್ಟಿಗೆ ಬರುವ ಸಣ್ಣ ಮಣ್ಣು ಡ್ರಿಪ್ಪರುಗಳ ಬಾಯಿ ಕಟ್ಟುತ್ತದೆ, ಸಾಲಿನ ಕೊನೆಯ ಮರಗಳು ಬಾಡುವವರೆಗೆ ನಿನಗದು ಗೊತ್ತೇ ಆಗುವುದಿಲ್ಲ. ಆಗಾಗ ಪೈಪಿನ ತುದಿ ಬಿಚ್ಚಿ ತೊಳೆದು ಬಿಡು.

ಸುರಂಗದ ಒಳಗೂ ಒಬ್ಬ ಅನುಭವಸ್ಥನನ್ನು ಕಳಿಸಿ ನೋಡಿಸು. ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ಕೊರೆದ ಭಾಗ ಗಟ್ಟಿ. ಜೇಡಿಮಣ್ಣು ಬಂದಲ್ಲಿ ಮೇಲಿನ ಮಣ್ಣು ಕುಸಿದು ನೀರಿನ ದಾರಿ ಮುಚ್ಚುತ್ತದೆ. ನೀರು ಸಾಲದಿದ್ದರೆ ಹೊಸತು ಕೊರೆಸಿದರಾಯಿತು ಎಂದು ಮಾತ್ರ ಎಣಿಸಬೇಡ. ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದವರು, 2022ರಲ್ಲಿ ಪದ್ಮಶ್ರೀ ಬಂತು. ಅವರಿಗೂ ಮೊದಮೊದಲ ಸುರಂಗಗಳಲ್ಲಿ ನೀರು ಸಿಗಲಿಲ್ಲ.

ಇನ್ನು ಮಳೆಗಾಲದ ಸಂಗತಿ, ಕೊಳೆರೋಗ. ಎಳೆ ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಮಚ್ಚೆ ಕಾಣುತ್ತದೆ, ಆಮೇಲೆ ಬುಡದ ತುಂಬ ಕಾಯಿ. ಉದುರಲು ಶುರುವಾದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ಮಳೆ ಹಿಡಿಯುವ ಮೊದಲೇ ಒಂದು ಸಲ ಮದ್ದು ಬಿಡಬೇಕು, 40–45 ದಿನ ಬಿಟ್ಟು ಇನ್ನೊಂದು. ಮಳೆ ನಿಲ್ಲದಿದ್ದರೆ ಮೂರನೆಯದೂ. ಮದ್ದೆಂದರೆ ಶೇಕಡಾ 1ರ ಬೋರ್ಡೋ ದ್ರಾವಣ: ಮೈಲುತುತ್ತು (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ ಹಿಂದಿನ ರಾತ್ರಿಯೇ 50 ಲೀಟರ್ ನೀರಿನಲ್ಲಿ ನೇತುಹಾಕು. ಉಳಿದ 50ರಲ್ಲಿ ಸುಣ್ಣ ಕದಡಿ ಸೋಸು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ತಿರುಗಿಸಬೇಕು, ತಿರುಗುಮುರುಗು ಮಾಡಬಾರದು. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣವನ್ನು ಮೈಲುತುತ್ತು ತಿಂದುಬಿಡುತ್ತದೆ. ಆದ ಮೇಲೆ ತಿಕ್ಕಿ ಬೆಳಗಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆ: ಅಲಗಿಗೆ ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಕೆಂಪು ಹಿಡಿಯದಷ್ಟು ಸುಣ್ಣದ ನೀರು ಸೇರಿಸು. ಅಂದಿನ ಮದ್ದು ಅಂದಿಗೇ ಮುಗಿಯಬೇಕು. ಇದೆಲ್ಲ ನೀನೇ ಮಾಡಬಹುದು. ಮರ ಹತ್ತುವವರು ಸಿಗುವುದೇ ಕಷ್ಟ, ಅದೂ ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರದ ಉದ್ದ ಗಳ, ಬಂದ ಮೇಲೆ ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ ತಂಡಗಳು ಉಂಟು. ಹಾಗಾಗಿ ತೋಟಕ್ಕಿಂತ ಮೊದಲು ತಂಡದವರ ಪರಿಚಯ ಮಾಡಿಕೊಂಡರೂ ತಪ್ಪಲ್ಲ. ಸಾಲುಗಳ ನಡುವೆ ನೀರು ಹರಿದುಹೋಗುವ ಕಣಿ ಮೇ ತಿಂಗಳಲ್ಲೇ ಬಿಡಿಸಿಡು, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಗೊಬ್ಬರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡ: ಮರಕ್ಕೆ ವರ್ಷಕ್ಕೆ ಸೊಪ್ಪು 12 ಕಿಲೋ, ಹಟ್ಟಿಗೊಬ್ಬರ 12 ಕಿಲೋ, ಜೊತೆಗೆ ಸಾರಜನಕ 100, ರಂಜಕ 40, ಪೊಟಾಷ್ 140 ಗ್ರಾಂ.

ದುಡ್ಡಿನ ಕ್ರಮ ನಿನಗೆ ಹೊಸದು. ಕೊಯ್ಲು ನವೆಂಬರಿಗೆ ಶುರುವಾದರೂ ಚಾಲಿಗೆ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆಗೆ, ಅಂಗಳದಲ್ಲಿ 35–45 ದಿನದ ಬಿಸಿಲು ಬೇಕು, ಮತ್ತೆ ಸುಲಿಯಬೇಕು, ಹೆಕ್ಕಿ ಬೇರೆ ಮಾಡಬೇಕು. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಗಳಿಗೆ ಹೋದಷ್ಟೂ ದರ ಇಳಿಯುತ್ತದೆ. ಡಿಸೆಂಬರಿನ ಒಂದು ಅಕಾಲ ಮಳೆ ಕರಿಗೋಟಿನ ರಾಶಿ ದೊಡ್ಡದು ಮಾಡುತ್ತದೆ. ಅಂಗಳಕ್ಕೆ ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ಮೊದಲ ವರ್ಷವೇ ಮಾಡಿಸು. ಒಳ್ಳೆಯ ತೋಟದಲ್ಲಿ ಮರಕ್ಕೆ ಎರಡು ಕಿಲೋ ಒಣ ಚಾಲಿ ಎನ್ನುತ್ತಾರೆ, ನೀನು ಒಂದೇ ಎಂದು ಬರೆದುಕೋ. ಒಂದೂವರೆ ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ.

ಕಾಗದಪತ್ರ ಕೇರಳದ್ದು, ಮಲಯಾಳದಲ್ಲಿರುತ್ತದೆ. ದಾಖಲೆಯಲ್ಲಿ "ನಿಲಂ" ಎಂದಿದ್ದರೆ ಅದು ಗದ್ದೆ. ಈಗ ಅಡಿಕೆ ಇದ್ದರೂ 2008ರ ಗದ್ದೆ ಸಂರಕ್ಷಣೆಯ ಕಾನೂನು ಅಡ್ಡ ಬರುತ್ತದೆ, ಮನೆ ಕಟ್ಟಲು ಹೊರಟಾಗ ಸಿಕ್ಕಿಬೀಳುತ್ತೀ. ಆಧಾರದ (ಜಾಗದ ಕ್ರಯಪತ್ರಕ್ಕೆ ಅಲ್ಲಿನ ಹೆಸರು) ಪ್ರತಿ, ವಿಲೇಜ್ ಆಫೀಸಿನ ಈ ವರ್ಷದ ತೆರಿಗೆ ರಶೀದಿ, ಎರಡನ್ನೂ ಕಳಿಸು. ಓದಿ ನೋಡಿ ಬರೆಯುತ್ತೇನೆ.

ನಿನ್ನವ