ಆ ಮಳೆಗಾಲದಲ್ಲಿ ನಮ್ಮಿಬ್ಬರನ್ನೂ ಉಳಿಸಿಕೊಟ್ಟವರಿಗೆ

ನಮ್ಮ ಪುಟ್ಟಿಗೆ ಮೊನ್ನೆ ಒಂದು ವರ್ಷ ತುಂಬಿತು. ಇದನ್ನು ಅವತ್ತೇ ಬರೆಯಬೇಕಿತ್ತು. ಮನೆ ತುಂಬ ನೆಂಟರು, ಆಗಲಿಲ್ಲ. ಈಗ ಅವಳು ಮಲಗಿದ್ದಾಳೆ, ಹೊರಗೆ ಮಳೆ ಹೊಯ್ಯುತ್ತಿದೆ, ಪುಣ್ಯಕ್ಕೆ ಕರೆಂಟ್ ಇದೆ.

2024ರ ಜುಲೈ ನೆನಪಿದೆ ಅಲ್ವಾ? ಪುನರ್ವಸು ಮಳೆ ಹಗಲು ರಾತ್ರಿ ಬಿಡದೆ ಸುರಿದಿತ್ತು. ಸೀಮಂತ ಮುಗಿಸಿಕೊಂಡು ನಾನು ಹೊಸನಗರ ತಾಲ್ಲೂಕಿನ ತವರುಮನೆಗೆ ಬಂದಿದ್ದೆ. ಗಣಪತಿ ಹಬ್ಬದ ಹೊತ್ತಿಗೆ ಹೆರಿಗೆ ಅಂತ ದಿನ ಕೊಟ್ಟಿದ್ದರು. ಕಾಲು ಊದಿಕೊಂಡಿತ್ತು. ಬಸುರಿಗೆ ಕಾಲು ಊದೋದು ಇದ್ದದ್ದೇ ಅಂತ ಎಲ್ಲರೂ ಅಂದರು, ನಾನೂ ಹಾಗೇ ಅಂದುಕೊಂಡೆ. ಎರಡು ದಿನದಿಂದ ತಲೆನೋವು, ಎದೆಗುಂಡಿಯ ಕೆಳಗೆ ನೋವು. ಒಂದು ಕ್ಲಿನಿಕ್ಕಿಗೆ ಹೋದರೆ ಬಿಪಿ ನೋಡದೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು.

ಮಾರನೇ ದಿನ ಮಧ್ಯಾಹ್ನ ಆಶಾ ಅಕ್ಕ, ಅಂದರೆ ನಮ್ಮೂರಿನ ಆಶಾ ಕಾರ್ಯಕರ್ತೆ, ಬಂದರು. ಹಳ್ಳದ ಸಂಕದ ಮೇಲೆ ನೀರು ಹರಿಯುತ್ತಿತ್ತು, ತೋಟದ ಮೇಲಿನಿಂದ ಸುತ್ತು ಹಾಕಿ ಬಂದಿದ್ದರು. ಕೊಡೆಯನ್ನು ಜಗಲಿ ಮೂಲೆಗೆ ಒರಗಿಸಿ, ಕಾಲಿಗೆ ಹತ್ತಿದ್ದ ಉಂಬಳ ಕಿತ್ತೆಸೆದು, ತಾಯಿ ಕಾರ್ಡ್ ಕೇಳಿದರು. ಕೊಡೋಕೆ ಕೈ ಚಾಚಿದೆ. ಕಾರ್ಡ್ ತೆಗೆದುಕೊಳ್ಳದೆ ನನ್ನ ಕೈಯನ್ನೇ ನೋಡಿದರು. ಸೀಮಂತಕ್ಕೆ ತೊಡಿಸಿದ ಹಸಿರು ಗಾಜಿನ ಬಳೆಗಳು ಮೂರು ವಾರದ ಹಿಂದೆ ಗಲಗಲ ಅನ್ನುತ್ತಿದ್ದವು. ಈಗ ಸದ್ದೇ ಇಲ್ಲ. ಮಣಿಕಟ್ಟಿಗೆ ಕಚ್ಚಿಕೊಂಡು ಕೂತಿದ್ದವು. "ಯಾವಾಗಿಂದ ಹೀಗೆ?" ಅಂದರು. ನಾನು ಗಮನಿಸಿಯೇ ಇರಲಿಲ್ಲ.

ನನ್ನ ಮುಂದೆ ನೆಲಕ್ಕೆ ಕೂತು ಕಾಲಿಗೆ ಕೈ ಹಾಕಿದರು. ಹಿರಿಯರು ಕಾಲು ಮುಟ್ಟುತ್ತಾರಲ್ಲ ಅಂತ ನಾನು ಹಿಂದಕ್ಕೆ ಎಳೆದುಕೊಂಡೆ. "ಸುಮ್ನೆ ಕೂತ್ಕೋ ಮಾರಾಯ್ತಿ" ಅಂತ ಗದರಿ, ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರು. ಗುಳಿ ಬಿತ್ತು. ಕಲಸಿಟ್ಟ ಹಿಟ್ಟಿಗೆ ಬೆರಳು ಊರಿದ ಹಾಗೆ, ಎಷ್ಟು ಹೊತ್ತಾದರೂ ತುಂಬಲಿಲ್ಲ. "ಕಾಲೊಂದೇ ಆಗಿದ್ರೆ ಬೇರೆ ಮಾತು. ಕೈ, ಮುಖ ಎಲ್ಲ ಬಾತಿದೆ. ಏಳು, ಹೊರಡೋಣ." ಅಮ್ಮ ಮಳೆ ಬಿಡಲಿ, ನಾಳೆ ಹೋದರಾಯ್ತು ಅಂದರು. ಅಕ್ಕ ಕೇಳಲಿಲ್ಲ. ಪಕ್ಕದ ಮನೆ ಅಣ್ಣನ ಆಟೋ ಹೊರಡಿಸಿದ್ದೂ ಅವರೇ. ಅಕ್ಕಾ, ಅವತ್ತು ನೀವು ಅಮ್ಮನ ಮಾತು ಕೇಳಿ ಹಿಂದೆ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿದರೆ 170/110. ಬಸುರಿಯರಿಗೆ 140/90 ಬಂದರೇ ಜಾಸ್ತಿ. ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್, ಅಂದರೆ ತುಂಬ ಜಾಸ್ತಿ. ಫಿಟ್ಸ್ ಬರಬಾರದು ಅಂತ ಡಾಕ್ಟರು ತಕ್ಷಣ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡಿಸಿದರು, ಸೊಂಟದ ಕೆಳಗೆ ಎರಡೂ ಕಡೆ 5 ಗ್ರಾಂ. ಮೈಯೆಲ್ಲ ಬೆಂಕಿ ಹರಿದ ಹಾಗಾಯಿತು. 108 ಬರುವಷ್ಟರಲ್ಲಿ ಸಿಸ್ಟರ್ ನನ್ನ ಬಳೆ ತೆಗೆಯೋಕೆ ಕೂತರು. ಒಡೆದುಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಅಮ್ಮನ ಮುಖ ನೋಡಿದರು, ಸೋಪಿನ ನೊರೆ ಹಚ್ಚಿ ಒಂದೊಂದೇ ಜಾರಿಸಿದರು. ಒಂದೂ ಒಡೆಯಲಿಲ್ಲ. ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟರು. ಸಿಸ್ಟರ್, ಆ ಹೊತ್ತಿನಲ್ಲೂ ನಿಮಗೆ ಅಮ್ಮನ ಮನಸ್ಸು ಕಂಡಿತಲ್ಲ, ಅದಕ್ಕೆ ನಾನು ಏನು ಹೇಳಲಿ.

ರಿಪ್ಪನ್‌ಪೇಟೆ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿತ್ತು. ಆಂಬ್ಯುಲೆನ್ಸ್ ದೀಪ ನೋಡಿ ಅಲ್ಲಿದ್ದ ಹುಡುಗರು ಮಳೆಯಲ್ಲೇ ಮರ ಕುಯ್ದು ಎಳೆದು ಹಾಕಿದರು. ಯಾರೋ, ಯಾವ ಊರಿನವರೋ. ಇದನ್ನು ನೀವು ಯಾರಾದರೂ ಓದುತ್ತಿದ್ದರೆ, ಅವತ್ತು ಒಳಗೆ ಮಲಗಿದ್ದವಳು ನಾನು. 108ರ ಡ್ರೈವರ್ ಅಣ್ಣನಿಗೂ, ದಾರಿಯುದ್ದಕ್ಕೂ ನಿದ್ದೆ ಮಾಡಬೇಡಿ ಅಂತ ಮಾತಾಡಿಸುತ್ತಲೇ ಇದ್ದ ಸ್ಟಾಫ್ ತಮ್ಮನಿಗೂ ಕೈ ಮುಗಿಯುತ್ತೇನೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಅದರ ಹೆಸರು ಹೇಳಿದರು, ಪ್ರೀ ಎಕ್ಲಾಂಪ್ಸಿಯಾ. ಅಜ್ಜಿ ನಂಜು ಅನ್ನುತ್ತಿದ್ದದ್ದು ಇದನ್ನೇ. ಹೊಟ್ಟೆಯೊಳಗೆ ಮಗುವನ್ನು ಪೋಷಿಸುವ ಮಾಸಿಗೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಬೆಳೆಯದಿದ್ದರೆ ತಾಯಿಯ ಬಿಪಿ ಏರುತ್ತದೆ, ಕಿಡ್ನಿ, ಲಿವರ್, ಮಿದುಳು ಎಲ್ಲಕ್ಕೂ ಪೆಟ್ಟು. ಹೆರಿಗೆ ಆಗಿ ಮಾಸು ಹೊರಗೆ ಬರೋದೇ ಇದಕ್ಕೆ ಮದ್ದು. ಆದರೆ ನನಗೆ ಆಗಿದ್ದು 32 ವಾರ. ಮಗುವಿನ ಶ್ವಾಸಕೋಶ ಬಲಿಯಲಿ ಅಂತ 12 ಗಂಟೆಗೊಂದರಂತೆ ನಾಲ್ಕು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಕಾದರು. ಆ ಎರಡು ದಿನ ನರ್ಸ್‌ಗಳು ಮತ್ತೆ ಮತ್ತೆ ಬಂದು ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಿದ್ದರು. ಮೆಗ್ನೀಸಿಯಂ ಮಿತಿ ಮೀರಿದರೆ ಕಾಲು ಚಿಮ್ಮುವುದಿಲ್ಲವಂತೆ. ನನ್ನ ಕಾಲು ಚಿಮ್ಮಿದಾಗೆಲ್ಲ ಅಮ್ಮ ಉಸಿರು ಬಿಡುತ್ತಿದ್ದರು.

ಆಮೇಲೆ ಸಿಸೇರಿಯನ್ ಆಯಿತು. ರಕ್ತ ಜಾಸ್ತಿ ಹೋಗಿ ಎರಡು ಬಾಟಲಿ ಹಾಕಿದರು. ಕೊಟ್ಟ ಇಬ್ಬರಿಗೂ ಋಣಿ.

ಮಗು 1 ಕೆಜಿ 400 ಗ್ರಾಂ ಇತ್ತು. ನನ್ನ ಅಂಗೈ ಅವಳ ಬೆನ್ನಿಗಿಂತ ದೊಡ್ಡದು. ತಿಂಗಳು ಹತ್ತಿರ ಹತ್ತಿರ ನವಜಾತ ಶಿಶುಗಳ ಘಟಕದಲ್ಲಿದ್ದಳು. ಮೊದಲು ಮೂಗಿನ ನಳಿಕೆಯಲ್ಲಿ ಹಾಲು, ಆಮೇಲೆ ಸ್ಟೀಲಿನ ಪುಟ್ಟ ಬಟ್ಟಲಲ್ಲಿ. ಅದನ್ನು ನೋಡಿ ಅಮ್ಮ "ಅಯ್ಯೋ, ಇದು ನಮ್ಮ ಒಳಲೆ!" ಅಂದರು. ಅವತ್ತು ಅಮ್ಮ ಮೊದಲ ಸಲ ನಕ್ಕಿದ್ದು. ಮಗುವನ್ನು ಬರಿ ಎದೆಗೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರೋಕೆ ಹೇಳಿಕೊಟ್ಟರು. ತೀರ್ಥಹಳ್ಳಿಯಲ್ಲಿ ಅಡಿಕೆಗೆ ಔಷಧಿ ಹೊಡೆಸೋದನ್ನು ಅರ್ಧಕ್ಕೆ ಬಿಟ್ಟು ಬಂದ ನಮ್ಮನೆಯವರೂ ಸರದಿಯಲ್ಲಿ ಕೂತರು. ನೂಲುಹುಣ್ಣಿಮೆ ಹೊತ್ತಿಗೆ ಮನೆಗೆ ಬಂದೆವು. ಆ ವಾರ್ಡಿನ ಡಾಕ್ಟರು, ಸಿಸ್ಟರುಗಳು, ರಾತ್ರಿ ಪಾಳಿಯ ಆಯಾ, ಎಲ್ಲರಿಗೂ ನಮಸ್ಕಾರ.

ಹೆರಿಗೆ ಆಯಿತಲ್ಲ ಅಂತ ನಾನು ಬಿಪಿ ಮಾತ್ರೆ ಬಿಡೋಕೆ ಹೊರಟಿದ್ದೆ. ಬಾಣಂತಿಗೂ ಫಿಟ್ಸ್ ಬರಬಹುದು ಅಂತ ಬೈದು ನುಂಗಿಸಿದ್ದು ಅತ್ತೆ. ಓದುತ್ತಿರುವ ಬಸುರಿ ತಂಗಿಯರೇ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಉಂಗುರ ಬಿಗಿಯಾದರೆ, ಯಾರು ಏನೇ ಅನ್ನಲಿ, ಅವತ್ತೇ ಬಿಪಿ ನೋಡಿಸಿ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ್ದನ್ನು ಟಿವಿಯಲ್ಲಿ ನೋಡಿದೆ. ಮಗು ಮಡಿಲಲ್ಲಿತ್ತು. ತುಂಬ ಸಂಕಟವಾಯಿತು. ಇವರು ಕೇಳಿದ್ದು ಜಾಸ್ತಿ ಏನಲ್ಲ.

ಮೊನ್ನೆ ಹುಟ್ಟುಹಬ್ಬಕ್ಕೆ ಆಶಾ ಅಕ್ಕ ಬಂದರು. ಕೊಡೆ ಅದೇ ಮೂಲೆಗೆ ಇಟ್ಟರು. ಎಲ್ಲರೂ ಮಗುವಿನ ಹತ್ತಿರ ಹೋದರೆ ಅವರು ನನ್ನ ಹತ್ತಿರ ಬಂದು ಕೂತು, ಕಾಲಿಗೆ ಹೆಬ್ಬೆರಳು ಒತ್ತಿದರು. ಈ ಸಲ ನಾನು ಎಳೆದುಕೊಳ್ಳಲಿಲ್ಲ. ಗುಳಿ ಬೀಳಲಿಲ್ಲ. "ಸರಿ, ಈಗ ಮಗು ಕೊಡು" ಅಂದರು.