ಸ್ಮಾರ್ಟ್ ಕೀ ವಾಹನಗಳ ಕಳವಿನ ನಂತರದ ದುರಸ್ತಿ: ನಮ್ಮ ಕ್ರಮದಲ್ಲಿ ಒಂದು ಬದಲಾವಣೆ

ಮಾನ್ಯ ಗ್ರಾಹಕರೇ,

ಕಳ್ಳರು ಒಳಹೊಕ್ಕ ವಾಹನ ದುರಸ್ತಿಗೆ ಬಂದಾಗ ಇದುವರೆಗೆ ನಾವು ಒಡೆದ ಗಾಜು, ಕೆಟ್ಟ ಬೀಗ, ಕಿತ್ತ ವೈರುಗಳನ್ನು ಸರಿಪಡಿಸಿ ಕೊಡುತ್ತಿದ್ದೆವು. ಇನ್ನು ಮುಂದೆ ಸ್ಮಾರ್ಟ್ ಕೀ (ಹತ್ತಿರವಿದ್ದರೆ ಸಾಕು, ರೇಡಿಯೊ ಸಂಕೇತದಿಂದಲೇ ಬಾಗಿಲು ತೆರೆಯಲು ಬಿಡುವ ಕೀಲಿ) ಇರುವ ವಾಹನಗಳಲ್ಲಿ, ವಾಹನದ ಕಂಪ್ಯೂಟರ್‌ನಲ್ಲಿ ನೋಂದಣಿಯಾಗಿರುವ ಕೀಲಿಗಳ ಪರಿಶೀಲನೆಯೂ ಈ ಕೆಲಸದ ಭಾಗವಾಗಿರುತ್ತದೆ. ಆದ್ದರಿಂದ ನಿಮ್ಮಲ್ಲಿರುವ ಎಲ್ಲ ಕೀಲಿಗಳನ್ನೂ, ವರ್ಷಗಳಿಂದ ಕಪಾಟಿನಲ್ಲೇ ಉಳಿದಿರುವ ಎರಡನೆಯದನ್ನೂ ಬಿಡದೆ, ಮಾಲೀಕತ್ವದ ದಾಖಲೆಯೊಂದಿಗೆ ತರಬೇಕೆಂದು ಕೋರುತ್ತೇವೆ.

ಒಳಹೊಕ್ಕವನಿಗೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟ್ (ವಾಹನದ ಕಂಪ್ಯೂಟರ್‌ಗೆ ತಪಾಸಣೆ ಉಪಕರಣವನ್ನು ಜೋಡಿಸುವ ಕಿಂಡಿ) ಕೈಗೆಟುಕುತ್ತದೆ. ಕೆಲವು ಮಾದರಿಗಳಲ್ಲಿ ಅದರ ಮೂಲಕ ಹೊಸ ಕೀಲಿಯೊಂದನ್ನು ಕೆಲವೇ ನಿಮಿಷಗಳಲ್ಲಿ ನೋಂದಾಯಿಸಬಹುದಾದ್ದರಿಂದ, ಚೀಲವೊಂದೇ ಕಳವಾಗಿದೆ, ವಾಹನ ಉಳಿಯಿತು ಎಂದು ನಾವು ಸಮಾಧಾನಪಡುವ ಹೊತ್ತಿಗೆ ಅದರ ಕೀಲಿ ಬೇರೆಯವರ ಜೇಬಿನಲ್ಲಿರಬಹುದು. ಗಾಜು ಬದಲಿಸುವುದರಿಂದ ಆ ಕೀಲಿ ರದ್ದಾಗುವುದಿಲ್ಲ. ಹೀಗಾಗಿ ನಾವು ವಾಹನದಲ್ಲಿರುವ ಕೀಲಿಗಳ ನೋಂದಣಿಯನ್ನು ಅಳಿಸಿ, ನೀವು ತಂದವುಗಳನ್ನು ಮಾತ್ರ ಮತ್ತೆ ಸೇರಿಸಿ, ಅವುಗಳ ಸಂಖ್ಯೆಯನ್ನು ಬರೆದುಕೊಡುತ್ತೇವೆ. ಕಳವಾದದ್ದು ನಿಮ್ಮದೇ ಕೀಲಿಯಾಗಿದ್ದರೆ ಇಷ್ಟು ಸಾಲದು: ಅದರೊಳಗಿನ ಲೋಹದ ಕೀಲಿ ಬಾಗಿಲನ್ನು ತೆರೆಯುತ್ತಲೇ ಇರುವುದರಿಂದ ಬೀಗದ ಸಿಲಿಂಡರನ್ನೂ ಬದಲಿಸಬೇಕಾಗುತ್ತದೆ.

ಗಾಜು ಒಡೆಯದೆ, ಬೀಗ ಕೆಡದೆ ಬಾಗಿಲು ತೆರೆದಿದ್ದರೆ ಅನುಮಾನ ರಿಲೇ ವಿಧಾನದತ್ತ ಹೋಗುತ್ತದೆ. ವಾಹನವು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಳುಹಿಸುವ ಸಂಕೇತ ಒಂದೆರಡು ಮೀಟರ್‌ಗಿಂತ ದೂರ ಮುಟ್ಟುವುದಿಲ್ಲ. ಅದು ಕೀಲಿಗೆ ಕೇಳಿಸಿ ಉತ್ತರ ಬಂತೆಂದರೆ ಕೀಲಿ ಹತ್ತಿರದಲ್ಲೇ ಇದೆಯೆಂದು ವಾಹನ ನಂಬುತ್ತದೆ. ಎರಡು ಉಪಕರಣಗಳು ಈ ಸಂಕೇತವನ್ನು ಮನೆಯೊಳಗಿನ ಕೀಲಿಯವರೆಗೆ ದಾಟಿಸಿದರೆ ಉತ್ತರಿಸುವುದು ನಿಮ್ಮ ನಿಜವಾದ ಕೀಲಿಯೇ, ಆದ್ದರಿಂದ ಪ್ರತಿ ಬಾರಿಯೂ ಬದಲಾಗುವ ರಹಸ್ಯ ಸಂಖ್ಯೆ ಇದ್ದೂ ಪ್ರಯೋಜನವಿಲ್ಲ. ಜ್ಯೂರಿಕ್‌ನ ಸಂಶೋಧಕರು 2011ರಲ್ಲೇ ಇದನ್ನು 10 ಮಾದರಿಗಳ ಕಾರುಗಳಲ್ಲಿ ತೋರಿಸಿದ್ದರು.

ಈ ವಿಧಾನವನ್ನು ಕೀಲಿಗಳ ಮರುನೋಂದಣಿ ತಡೆಯುವುದಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ನಿಮ್ಮ ಮಾದರಿಯಲ್ಲಿ ಅವಕಾಶವಿದ್ದು ನೀವು ಒಪ್ಪಿದರೆ, ಗುಂಡಿ ಒತ್ತದೆ ಬಾಗಿಲು ತೆರೆಯುವ ಸೌಲಭ್ಯವನ್ನು ನಾವು ನಿಷ್ಕ್ರಿಯಗೊಳಿಸುತ್ತೇವೆ. ನಮ್ಮ ಮಟ್ಟಿಗೆ ಇದೇ ಸರಿಯಾದ ಪರಿಹಾರ. ಸಂಕೇತ ತಡೆಯಲು ಲೋಹದ ಪದರದ ಚೀಲ ಬಳಸುವವರು ಕೀಲಿಯನ್ನು ಅದರೊಳಗಿಟ್ಟು ವಾಹನದ ಪಕ್ಕದಲ್ಲೇ ನಿಂತು ಹಿಡಿಕೆ ಎಳೆದು ಬಾಗಿಲು ತೆರೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಿ, ಪದರ ಸವೆಯುವುದರಿಂದ ಆಗಾಗ ನೋಡುತ್ತಿರಲಿ. ಹಳೆಯ ಉಕ್ಕಿನ ಸ್ಟಿಯರಿಂಗ್ ಲಾಕ್ ಬಗ್ಗೆ ಹೇಳಿದರೆ ಕೆಲವರು ನಗುತ್ತಾರೆ, ಆದರೆ ಯಾವ ರೇಡಿಯೊ ಉಪಕರಣಕ್ಕೂ ಅದು ಬಗ್ಗುವುದಿಲ್ಲ.

ವಾಹನ ನಮ್ಮಲ್ಲಿರುವಷ್ಟು ಕಾಲ ಕೀಲಿಗಳನ್ನು ಮುಚ್ಚಿದ ಲೋಹದ ಪೆಟ್ಟಿಗೆಯಲ್ಲಿ ಇರಿಸಲಾಗುವುದು. ತರಲಾಗದೆ ಉಳಿದ ಕೀಲಿ ಮುಂದೆ ಸಿಕ್ಕಿದಲ್ಲಿ, ಅದನ್ನು ವಾಹನ ಹಾಗೂ ದಾಖಲೆಯೊಂದಿಗೆ ತಂದರೆ ಮತ್ತೆ ನೋಂದಾಯಿಸಿ ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ, ವಾಹನ ದುರಸ್ತಿ ಸಹಕಾರ ಸಂಘ