ಲೋಟದ ಮೇಲಿನ ಕೆಂಪು ಗೆರೆ: ಮಗಳಿಗೊಂದು ಪತ್ರ

ಧಾರವಾಡ
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನ ಮೆಸೇಜು ಬಂದು ಮೂರು ದಿನ ಆಯಿತು. ನಾನು ಓದಿದ್ದು ನಿನಗೆ ಗೊತ್ತಾಗಿರುತ್ತದೆ, ಓದಿಯೂ ಅವ್ವ ಸುಮ್ಮನಿದ್ದಾಳಲ್ಲ ಅಂದುಕೊಂಡಿರುತ್ತೀ. ಫೋನಿನಲ್ಲಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಇದೇ ಆಗಿ ಕೊನೆಗೆ ಹಾಳೆ ಪೆನ್ನು ತಗೊಂಡು ಕೂತೆ. ಮೂವತ್ತು ವರ್ಷ ಮಕ್ಕಳಿಂದ ಪತ್ರಲೇಖನ ಬರೆಸಿದವಳು ಸ್ವಂತ ಮಗಳಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ವಿಳಾಸ ಎಡಗಡೆಯೋ ಬಲಗಡೆಯೋ ಅಂತ ಒಂದು ಗಳಿಗೆ ನನಗೇ ಅನುಮಾನ ಬಂತು ನೋಡು.

"ಅಪ್ಪನ ವರ್ಷಕ್ಕ ಬರ್ತೀನಿ, ಸಮಾಧಿಗೆ ಬರ್ತೀನಿ, ಊಟಕ್ಕ ಬಡಸ್ತೀನಿ. ದೇವಾಲಯದೊಳಗ ಮಾತ್ರ ಕೂಡಂಗಿಲ್ಲ. ಅಷ್ಟ ಬೇಡಿಕೊಂಡ್ವಿ, ಏನಾತು ಅವ್ವಾ?"

ಏನಾತು ಅನ್ನುವುದು ನನಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇಷ್ಟು ಹೊತ್ತಿಗೆ ಹೇಳುತ್ತಿದ್ದೆ. ಈ ಪತ್ರದಲ್ಲಿ ಉತ್ತರ ಹುಡುಕಬೇಡ. ನಿನಗೆ ಹೇಳದೆ ಉಳಿಸಿಕೊಂಡ ಕೆಲವು ಸಂಗತಿಗಳಿವೆ, ಅವನ್ನು ಬರೆಯುತ್ತೇನೆ.

ನಿಮ್ಮಪ್ಪನ ಡಯಾಲಿಸಿಸ್ ನಡೆದದ್ದು ಎರಡು ವರ್ಷ ಎಂಟು ತಿಂಗಳು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು. ಡಯಾಲಿಸಿಸ್ಸಿಗಾಗಿ ಎಡಗೈಯ ರಕ್ತನಾಳ ಕೂಡಿಸಿ ಮಾಡಿದ ಫಿಸ್ಟುಲಾ ಮೇಲೆ ಕೈಯಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಆಗುತ್ತಿತ್ತಲ್ಲ, ರಾತ್ರಿ ಅವರು ಮಲಗಿದ ಮೇಲೆ ನಾನು ಅಲ್ಲಿ ಕೈಯಿಟ್ಟು ನೋಡುತ್ತಿದ್ದೆ. ಗುರುಗುಟ್ಟುತ್ತಿದ್ದರೆ ಸ್ತೋತ್ರ ಅಂದು ಮಲಗುತ್ತಿದ್ದೆ. ಆ ದಿನಗಳಲ್ಲಿ ನನ್ನ ರಾತ್ರಿಯ ಪ್ರಾರ್ಥನೆ ಬಹಳ ಸಲ ಅಷ್ಟೇ.

ನೀರಿನದು ನಿನಗೇ ಗೊತ್ತು. ದಿನಕ್ಕೆ ಮುಕ್ಕಾಲು ಲೀಟರು ಮಾತ್ರ, ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ. ನೀನು ಅವರ ಸ್ಟೀಲ್ ಲೋಟಕ್ಕೆ ಅಳತೆ ಮಾಡಿ ಉಗುರು ಬಣ್ಣದಲ್ಲಿ ಕೆಂಪು ಗೆರೆ ಎಳೆದುಕೊಟ್ಟೆ. ಮೊದಲ ವಾರ ಅವರು ಆ ಗೆರೆ ನೋಡಿ ನಕ್ಕರು. ಆಮೇಲೆ ನಗಲಿಲ್ಲ. ಏಪ್ರಿಲ್ ಬಿಸಿಲಿಗೆ ಒಂದು ತುಂಡು ಬರ್ಫ ಬಾಯಲ್ಲಿಟ್ಟುಕೊಂಡು ಅದು ಕರಗುವವರೆಗೆ ಕಣ್ಣು ಮುಚ್ಚಿ ಕೂಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಅವರಿಗೆ ಸಪ್ಪಳ ಕೇಳದ ಹಾಗೆ ನೀರು ಕುಡಿಯುತ್ತಿದ್ದೆ, ಕಳ್ಳಿಯ ಹಾಗೆ.

ಆ ವರ್ಷದ ಶುಭ ಶುಕ್ರವಾರಕ್ಕೆ ನೀನು ಬೆಂಗಳೂರಿನಿಂದ ಬಂದಿರಲಿಲ್ಲ. ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ಇರುತ್ತದಲ್ಲ, ಹಂಚುವಾಗ ಐದನೆಯದು ನಿಮ್ಮಪ್ಪನ ಪಾಲಿಗೆ ಬಂತು: "ನನಗೆ ನೀರಡಿಕೆಯಾಗಿದೆ." ಹಂಚಿದವರಿಗೆ ಯೋಚನೆ ಬಂದಿರಲಿಕ್ಕಿಲ್ಲ. ನಾನು ಬೇರೆ ಮಾತು ಕೇಳಿಕೊಳ್ಳಿ ಅಂದೆ, ಒಪ್ಪಲಿಲ್ಲ. ಹಿಂದಿನ ದಿನವೇ ಡಯಾಲಿಸಿಸ್ ಆಗಿತ್ತು, ತುಟಿ ಒಡೆದಿದ್ದವು. ವಚನ ಓದಿದರು. ಪ್ರೆಸ್ಸಿನಲ್ಲಿ ಕರಡು ತಿದ್ದಿದವರು, ಒಂದು ಶಬ್ದಕ್ಕೆ ಒಂದು ತಾಸು ಮಾತಾಡುವವರು, ಎರಡೇ ವಾಕ್ಯ ಹೇಳಿದರು. "ಇದನ್ನ ಬಿಡಿಸಿ ಹೇಳೂದು ಏನೂ ಇಲ್ಲ. ನೀರಡಿಕಿ ಅಂದ್ರ ನೀರಡಿಕಿ." ಕೆಳಗಿಳಿದು ಬಂದು ಕೂತರು. ಪಾಪ, ನಿಶ್ಶಕ್ತಿ ಅಂದುಕೊಂಡರು ಜನ. ಅಷ್ಟು ವರ್ಷದಲ್ಲಿ ನಾನು ಕೇಳಿದ ಪ್ರಸಂಗಗಳಲ್ಲಿ ಇವತ್ತಿಗೂ ನೆನಪಿರುವುದು ಅದೊಂದೇ. ಶಿಲುಬೆಯ ಮೇಲೆ ನೀರು ಕೇಳಿದವನಿಗೆ ಕೊಟ್ಟದ್ದು ಹುಳಿರಸ. ನಮ್ಮ ದೇವರು ನೀರಡಿಸಿದವನು ಅನ್ನುವುದು ನನಗೆ ಆ ಮಧ್ಯಾಹ್ನದವರೆಗೆ ಬಾಯಿಪಾಠದ ಮಾತಾಗಿತ್ತು.

ಇನ್ನು ಆ ಹುಬ್ಬಳ್ಳಿಯ ರಾತ್ರಿ. ಕಿಡ್ನಿಗೆ ಹೆಸರು ಬರೆಸಿ ಒಂದೂವರೆ ವರ್ಷವಾಗಿತ್ತು. ಆಗಸ್ಟ್ ತಿಂಗಳು, ರಾತ್ರಿ ಹನ್ನೊಂದೂವರೆಗೆ ಫೋನು: ಕೂಡಲೇ ಬನ್ನಿ, ಏನೂ ತಿನ್ನಬೇಡಿ. ಮಳೆಯಲ್ಲಿ ಆಟೋ ಹಿಡಿದು ಹೋದೆವು. ನೀನು ಫೋನಿನಲ್ಲೇ ಅತ್ತೆ, "ದೇವರು ಕೇಳಿದ ಅವ್ವಾ" ಅಂತ. ನಾನೂ ಅತ್ತೆ. ಹೋದ ಮೇಲೆ ಗೊತ್ತಾಯಿತು, ಕರೆದದ್ದು ನಮ್ಮೊಬ್ಬರನ್ನೇ ಅಲ್ಲ, ಇನ್ನೊಬ್ಬರೂ ಇದ್ದಾರೆ. ರಕ್ತ ತಗೊಂಡು ಯಾರಿಗೆ ಹೊಂದುತ್ತದೆ ಎಂದು ನೋಡುತ್ತಾರೆ, ಬೆಳಗಿನವರೆಗೆ ಕಾಯಬೇಕು.

ಎದುರಿನ ಬೆಂಚಿನ ಮೇಲೆ ಆ ಇನ್ನೊಬ್ಬರ ಹೆಂಡತಿ ಕೂತಿದ್ದಳು. ನನಗಿಂತ ಹತ್ತು ವರ್ಷ ಸಣ್ಣವಳು. ಕೈಯಲ್ಲಿ ಸಿದ್ಧಾರೂಢರ ಸಣ್ಣ ಫೋಟೋ, ತುಟಿಯಲ್ಲಿ ಓಂ ನಮಃ ಶಿವಾಯ. ನಾನು ಸತ್ಯವೇದ ತೊಡೆಯ ಮೇಲಿಟ್ಟುಕೊಂಡು, ಕರ್ತನೇ ಇವರಿಗೇ ಸಿಗಲಿ, ಇವರಿಗೇ ಸಿಗಲಿ ಅನ್ನುತ್ತಿದ್ದೆ. ನಡುರಾತ್ರಿ ಮೀರಿದ ಮೇಲೆ ಒಳಗಿನಿಂದ ಒಂದು ಹೆಣ್ಣುಮಗಳು ಅತ್ತದ್ದು ಕೇಳಿಸಿತು. ಅಪಘಾತದಲ್ಲಿ ತಲೆಗೆ ಪೆಟ್ಟಾದ ಹುಡುಗನ ತಾಯಿ ಅಂತ ಯಾರೋ ಅಂದರು. ನನ್ನ ಬಾಯಿ ಅಲ್ಲೇ ಕಟ್ಟಿಹೋಯಿತು. ಒಂದೂವರೆ ವರ್ಷದಿಂದ ನಾನು ದಿನಾ ಬೇಡಿಕೊಂಡದ್ದು ಏನನ್ನು? ಯಾರದೋ ಕಿಡ್ನಿ ಬರಲಿ ಅಂದರೆ ಯಾರದೋ ಮಗ ಹೋಗಲಿ ಅಂತಲೂ ಆಯಿತಲ್ಲ. ಅದು ಬೇರೆ, ಇದು ಬೇರೆ, ಸಾಯುವವರು ಹೇಗೂ ಸಾಯುತ್ತಾರೆ ಅಂತ ಬುದ್ಧಿ ಹೇಳುತ್ತದೆ. ಎದೆ ಕೇಳಲಿಲ್ಲ. ಒಂದೇ ಕಟ್ಟಡದಲ್ಲಿ ಮೂರು ಹೆಂಗಸರು ಬೇಡುತ್ತಿದ್ದೆವು. ಮೂವರ ಬೇಡಿಕೆಯೂ ಒಟ್ಟಿಗೆ ನಡೆಯುವ ಹಾಗಿರಲಿಲ್ಲ.

ಬೆಳಿಗ್ಗೆ ಆ ಹೆಂಗಸಿನ ಗಂಡನನ್ನು ಒಳಗೆ ಕರೆದುಕೊಂಡರು. ಅವಳು ಹೋಗುವಾಗ ನನ್ನ ಕೈ ಹಿಡಿದು ಏನೋ ಹೇಳಲಿಕ್ಕೆ ಹೋದಳು, ಆಗಲಿಲ್ಲ. ನಿಮ್ಮಪ್ಪ ಬಸ್‌ಸ್ಟ್ಯಾಂಡಿನಲ್ಲಿ, ಮುಖ ತೊಳೆದುಕೊಂಡು ಬಂದು, ಇಷ್ಟೇ ಅಂದರು: "ಇವತ್ತ ಅವರ ಮನ್ಯಾಗ ಪಾಯಸ ಮಾಡ್ತಾರ. ಮಾಡಲಿ." ನಾನು ಅಷ್ಟು ದೊಡ್ಡವಳಲ್ಲ ಮಗಳೇ. ನಾನು ಮನೆಯವರೆಗೂ ಮಾತಾಡಲಿಲ್ಲ.

ಇನ್ನೊಂದು ಇದೆ. ಇದನ್ನು ಬರೆಯಲೋ ಬೇಡವೋ ಅಂತ ಪೆನ್ನು ಇಟ್ಟು ಎದ್ದು ಒಂದು ಸುತ್ತು ಬಂದೆ. ನಿನ್ನ ರಕ್ತದ ಗುಂಪು ಹೊಂದಿತ್ತು. ನನಗೆ ಸಕ್ಕರೆ ಇದ್ದದ್ದರಿಂದ ನನ್ನದು ನಡೆಯುವುದಿಲ್ಲ ಅಂದಿದ್ದರು. ನೀನು ಕೊಡುತ್ತೇನೆ ಅಂತ ಹಟ ಹಿಡಿದೆ. ಅಪ್ಪ ಬೇಡವೇ ಬೇಡ ಅಂದರು. ಆಗ ನಾನು ಒಂದು ಮಾತು ಅವರನ್ನು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ಬಹುಶಃ ಒಪ್ಪುತ್ತಿದ್ದರು. ಒಳಗೊಳಗೇ ನನಗೆ ನೀನು ಆ ಮೇಜಿನ ಮೇಲೆ ಮಲಗುವುದು ಬೇಡವಾಗಿತ್ತು. ಗಂಡ ಬದುಕಲಿ ಅಂತ ಬಾಯಿ ಬೇಡುತ್ತಿತ್ತು, ಮಗಳಿಗೆ ಏನೂ ಆಗದಿರಲಿ ಅಂತ ಹೊಟ್ಟೆ ಬೇಡುತ್ತಿತ್ತು. ದೇವರು ಯಾವುದನ್ನು ಕೇಳಿಸಿಕೊಂಡನೋ. ಅದಕ್ಕೇ, ನೀನು ಕೊಡಲಾಗಲಿಲ್ಲ ಎಂದು ಕೊರಗುವಾಗೆಲ್ಲ ಅದರಲ್ಲಿ ಅರ್ಧ ಭಾರ ನನ್ನದು ಅಂತ ತಿಳಿ.

ಆಮೇಲೆ ಆ ಉಪವಾಸ ಪ್ರಾರ್ಥನೆಗೆ ಬಂದ ಹೊರಗಿನ ಪ್ರಸಂಗಿ. "ಈ ಮನ್ಯಾಗ ಯಾರಿಗೋ ನಂಬಿಕಿ ಕಡಿಮಿ ಐತಿ" ಅಂದಾಗ ಹತ್ತು ಜನರ ಕಣ್ಣು ನಿನ್ನ ಕಡೆ ಹೋದವು. ಸಣ್ಣವಳಿದ್ದಾಗಿನಿಂದ ಸಂಡೇ ಸ್ಕೂಲಿನಲ್ಲಿ ಪ್ರಶ್ನೆ ಕೇಳುತ್ತಿದ್ದವಳು ನೀನೇ ಅಲ್ಲವೇ. ಆಗ ನಾನು ಎದ್ದು ಅವರ ಕೈಯಿಂದ ಚಹಾದ ಕಪ್ಪು ಇಸಿದುಕೊಳ್ಳಬೇಕಾಗಿತ್ತು. ಬದಲಿಗೆ ಇನ್ನೊಂದು ಬಿಸ್ಕೀಟು ತಗೊಳ್ಳಿ ಅಂದೆ. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಒಳ್ಳೆಯವರೇ. ಬಾಯಿ ತೆರೆದು ನಿನ್ನ ತಪ್ಪಿಗೇ ಇದಾಯಿತು ಅಂದ ಮೇಲೆ ಕೆಟ್ಟರು. ಪುಸ್ತಕದ ಕೊನೆಗೆ ದೇವರು ಸಿಟ್ಟಾದದ್ದು ಜಗಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕೀಲಿ ಮಾಡಿದ ಆ ಗೆಳೆಯರ ಮೇಲೆ.

ನಿನ್ನ ಹೆಸರಿನ ವಚನದ ಮೇಲೂ ನಿನಗೆ ಸಿಟ್ಟಿದೆ, ಗೊತ್ತು. "ನನ್ನ ಕೃಪೆಯೇ ನಿನಗೆ ಸಾಕು." ನೀನು ಹುಟ್ಟಿದಾಗ ಅಪ್ಪ ಅದರಿಂದಲೇ ಹೆಸರು ತೆಗೆದರು. ಮಣ್ಣು ಕೊಟ್ಟ ದಿನ ಆರೇಳು ಮಂದಿ ಅದನ್ನೇ ನಿನ್ನ ಕಿವಿಯಲ್ಲಿ ಹೇಳಿದರು. ಪೌಲ ತನ್ನ ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ ಮೇಲೆ ಆ ಮಾತನ್ನು ಅವನಿಗೆ ಹೇಳಿದ್ದು ಕರ್ತನು. ನಿನಗೆ ಹೇಳಿದ್ದು ಊಟಕ್ಕೆ ಮನೆಗೆ ಹೋಗುವ ಅವಸರದಲ್ಲಿದ್ದವರು. ಎರಡೂ ಒಂದೇ ಅಲ್ಲ.

ಅಪ್ಪ ಹೋದ ಮೇಲೆ ನಾನು ಹೇಗಿದ್ದೆ ಅಂತ ನೀನು ಕೇಳಿಲ್ಲ, ನಾನೂ ಹೇಳಿಲ್ಲ. ಭಾನುವಾರ ತಪ್ಪಿಸಲಿಲ್ಲ, ಆದರೆ ನಾಲ್ಕು ತಿಂಗಳು ಬಾಯಿ ತೆರೆಯಲಿಲ್ಲ. ಗೀತೆ ಹಾಡಲಿಲ್ಲ, ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ "ನಿನ್ನ ಚಿತ್ತವು ನೆರವೇರಲಿ" ಬಂದಾಗ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದೆ. ಪಕ್ಕದಲ್ಲಿ ಕೂಡುವ ಮುದುಕಿ ಒಬ್ಬಳು ತನ್ನ ಅಪಸ್ವರದಲ್ಲಿ ನನ್ನ ಪಾಲಿನದನ್ನೂ ಸೇರಿಸಿ ಹಾಡುತ್ತಿದ್ದಳು. ನನ್ನನ್ನು ಏನೂ ಕೇಳಲಿಲ್ಲ, ಗೀತೆಯ ಪುಸ್ತಕವನ್ನು ಮಾತ್ರ ಇಬ್ಬರ ನಡುವೆ ಹಿಡಿಯುತ್ತಿದ್ದಳು. ನಡುಮನೆಯಲ್ಲಿ ನಿಮ್ಮಜ್ಜಿ ಉಣ್ಣೆಯಲ್ಲಿ ಹೆಣೆದ ಕಟ್ಟು ಇತ್ತಲ್ಲ, "ಬೇಡಿಕೊಳ್ಳಿರಿ, ನಿಮಗೆ ದೊರೆಯುವದು" ಅನ್ನುವುದು, ಗೋಡೆಗೆ ಬಣ್ಣ ಬಳಿಸುವ ನೆವದಲ್ಲಿ ಅದನ್ನು ತೆಗೆದೆ. ಬಣ್ಣ ಬಳಿದು ಎಂಟು ತಿಂಗಳಾಯಿತು. ಕಟ್ಟು ಕಪಾಟಿನ ಮೇಲೆಯೇ ಇದೆ, ಮೊಳೆಗೆ ಕ್ಯಾಲೆಂಡರು ತೂಗುಹಾಕಿದ್ದೇನೆ.

ಆ ನಾಲ್ಕು ತಿಂಗಳಲ್ಲಿ ನಾನು ಕೀರ್ತನೆಗಳನ್ನು ಮೊದಲಿನಿಂದ ಓದಿದೆ, ಬೇರೆ ಏನೂ ಓದಲಾಗಲಿಲ್ಲ. ನಮ್ಮಲ್ಲಿ ಯಾರಿಗೆ ಕಾಯಿಲೆಯಾದರೂ 23, 91, 121 ಈ ಮೂರನ್ನೇ ಓದುತ್ತಾರೆ. 88ನ್ನು ಯಾರಾದರೂ ಓದಿದ್ದು ನಾನು ಕೇಳಿಲ್ಲ. ಹಗಲೂ ರಾತ್ರಿ ಮೊರೆಯಿಟ್ಟೆ ಅಂತ ಶುರುವಾಗಿ, ಮುಖ ಯಾಕೆ ಮರೆಮಾಡಿಕೊಂಡೆ ಅಂತ ಕೇಳಿ, ಕತ್ತಲೆಯಲ್ಲೇ ಮುಗಿಯುತ್ತದೆ. ಉಳಿದವುಗಳ ಹಾಗೆ ಕೊನೆಗೆ "ಆದರೂ ಕೊಂಡಾಡುವೆನು" ಅಂತ ತಿರುಗುವುದೂ ಇಲ್ಲ. ತಲೆಬರಹ ನೋಡಿದರೆ ಅದು ಕೋರಹೀಯರ ಹಾಡು, ಅಂದರೆ ಗುಡಿಯಲ್ಲಿ ಹಾಡಲಿಕ್ಕೇ ಬರೆದದ್ದು. ಯಾರೋ ಅದನ್ನು ಎಲ್ಲರೆದುರು ಹಾಡಿದ್ದಾರೆ, ಯಾರೂ ಅವರ ಬಾಯಿ ಮುಚ್ಚಿಸದೆ ಪುಸ್ತಕಕ್ಕೂ ಸೇರಿಸಿದ್ದಾರೆ. ನನ್ನ ಮೌನಕ್ಕೂ ಅಲ್ಲಿ ಒಂದು ಜಾಗ ಇದೆ ಅಂತ ನನಗೆ ಅನಿಸಿತು.

ಇನ್ನೊಂದು ಕಡೆ ಕಣ್ಣು ನಿಂತಿತು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಬೇಡುವುದು ಮಾರ್ಕನಲ್ಲಿ ಹೇಗಿದೆ ನೋಡು: "ಅಪ್ಪಾ, ತಂದೆಯೇ." ಅವನ ಭಾಷೆಯಲ್ಲಿ ಅದು ಅಬ್ಬಾ, ನಮ್ಮ ಸತ್ಯವೇದದಲ್ಲಿ ಅಪ್ಪಾ. ನಮ್ಮ ಮನೆಯಲ್ಲಿ ನೀನು ಕೂಗುತ್ತಿದ್ದ ಅದೇ ಶಬ್ದ. ಈ ಕಷ್ಟದ ಪಾತ್ರೆ ತೆಗೆದುಬಿಡು ಅಂತ ಕೇಳಿದ. ತೆಗೆಯಲಿಲ್ಲ. ಮಗ ಕೇಳಿದ್ದಕ್ಕೇ ಇಲ್ಲ ಅಂದ ಮೇಲೆ ಅವನ ನಂಬಿಕೆ ಕಡಿಮೆಯಾಗಿತ್ತು ಅನ್ನೋಣವೇ? ಆ ಪ್ರಸಂಗಿಯನ್ನು ಈಗ ಎದುರಿಗೆ ಕೂಡಿಸಿಕೊಂಡು ಇದೊಂದನ್ನು ಕೇಳಬೇಕು ಅನಿಸುತ್ತದೆ.

ಹಾಗಂತ ಇದೆಲ್ಲ ಯಾವುದೋ ಒಳ್ಳೆಯದಕ್ಕೇ ಆಯಿತು ಅಂತ ಲೆಕ್ಕ ಕೂಡಿಸುವವಳು ನಾನಲ್ಲ. ಅಪ್ಪನಿಗೆ ಕಿಟ್ಟೆಲ್ ಅಂದರೆ ಎಷ್ಟು ಅಭಿಮಾನ, 1853ರಲ್ಲಿ ಜರ್ಮನಿಯಿಂದ ಮಿಷನರಿಯಾಗಿ ಬಂದದ್ದು, 1894ರಲ್ಲಿ ಆ ಎಪ್ಪತ್ತು ಸಾವಿರ ಶಬ್ದಗಳ ಕನ್ನಡ ಕೋಶ ಅಚ್ಚಾದದ್ದು, ಎಲ್ಲ ಹೇಳುತ್ತಿದ್ದರು. ನಡುವೆ 1864ರಲ್ಲಿ ಹೆಂಡತಿ ಪೌಲೀನಾ ತೀರಿಕೊಂಡದ್ದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಮದುವೆಯಾಗಿ ನಾಲ್ಕೇ ವರ್ಷ. ಅವಳ ಹಾಸಿಗೆಯ ಪಕ್ಕ ಆ ಮನುಷ್ಯ ಬೇಡಿಕೊಳ್ಳದೆ ಇದ್ದಾನೇ? ಶಬ್ದಕೋಶ ಬಂತಲ್ಲ ಅಂತ ಆ ಸಾವು ಸರಿಹೋಗುವುದಿಲ್ಲ. ಅದು ಒಂದು ಕಡೆ, ಇದು ಒಂದು ಕಡೆ.

ಹಾಗಾದರೆ ನೀನು ಇನ್ನೂ ಯಾಕೆ ಹೋಗುತ್ತೀ ಅವ್ವಾ ಅಂದರೆ, ಪೇತ್ರ ಯೇಸುವಿಗೆ ಹೇಳಿದ್ದನ್ನೇ ಹೇಳಬೇಕು. ನಿನ್ನನ್ನು ಬಿಟ್ಟು ಯಾರ ಹತ್ತಿರ ಹೋಗೋಣ? ಅದರಲ್ಲಿ ವಿಜಯೋತ್ಸಾಹ ಏನೂ ಇಲ್ಲ. ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಎದ್ದು ಬರಲಾಗಿಲ್ಲ. ಪುನರುತ್ಥಾನದ ದಿನ ನಿಮ್ಮಪ್ಪನನ್ನು ನೋಡುತ್ತೇನೆ ಅಂತ ನಂಬಿದ್ದೇನೆ. ಕೆಲವು ರಾತ್ರಿ ಗಟ್ಟಿಯಾಗಿ ನಂಬುತ್ತೇನೆ, ಕೆಲವು ರಾತ್ರಿ ನಂಬಿಕೆ ಬರಲಿ ಅಂತ ಕಾಯುತ್ತೇನೆ.

ಮತ್ತೆ ಬಾಯಿ ತೆರೆದದ್ದು ಹೇಗೆ ಗೊತ್ತೇ? ಡಿಸೆಂಬರಿನ ಒಂದು ಬೆಳಗಿನ ಜಾವ ಎಚ್ಚರವಾದಾಗ ಹುಬ್ಬಳ್ಳಿಯ ಆ ಹೆಂಗಸು ನೆನಪಾದಳು. ಅವಳ ಗಂಡ ಹೇಗಿದ್ದಾನೋ, ಆ ಕಿಡ್ನಿ ಕೆಲಸ ಮಾಡುತ್ತಿದೆಯೋ ಇಲ್ಲವೋ. ಕರ್ತನೇ, ಅದೊಂದು ನಿಲ್ಲದಿರಲಿ ಅಂದುಬಿಟ್ಟೆ, ಯೋಚನೆ ಮಾಡದೆ. ಅಂದ ಮೇಲೆ ತಿಳಿಯಿತು ನಾನು ಪ್ರಾರ್ಥನೆ ಮಾಡಿದೆ ಅಂತ. ಆವತ್ತಿನಿಂದ ದಿನಾ ಅದು ಮೊದಲು, ಆಮೇಲೆ ಆ ಹುಡುಗನ ತಾಯಿ, ಆಮೇಲೆ ನೀನು. ನನಗಾಗಿ ಇನ್ನೂ ಏನೂ ಕೇಳಿಲ್ಲ.

ನೀನು ದೇವಾಲಯದೊಳಗೆ ಕೂಡಬೇಕಾಗಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಬೆಂಚಿದೆ, ಅಲ್ಲಿಗೂ ಗೀತೆ ಕೇಳಿಸುತ್ತದೆ, ಬೇಡ ಅನಿಸಿದರೆ ಗೇಟಿನ ತನಕ ನಡೆದುಹೋಗು. ಸಭಾಪಾಲಕರಿಗೆ ಹೇಳಿದ್ದೇನೆ, ನಿನ್ನ ಹೆಸರಿನ ವಚನ ಓದಬೇಡಿ ಅಂತ. ಅವರಿಗೆ ಸ್ವಲ್ಪ ಬೇಸರವಾಯಿತು, ಆಗಲಿ. ನಾನು 88 ಓದುತ್ತೇನೆ ಅಂದಿದ್ದೇನೆ. ವರ್ಷದ ಪ್ರಾರ್ಥನೆಗೆ ಅದು ಸರಿ ಕಾಣುತ್ತದೆಯೇ ಅಂತ ಕೇಳಿದರು. ನೋಡೋಣ.

ರಾಣಿ ಚೆನ್ನಮ್ಮ ರೈಲಿಗೆ ಬರುವುದಾದರೆ ಶುಕ್ರವಾರ ರಾತ್ರಿಯೇ ಹತ್ತಿಬಿಡು, ಶನಿವಾರ ಬೆಳಿಗ್ಗೆ ನಾನೇ ಸ್ಟೇಷನ್ನಿಗೆ ಬರುತ್ತೇನೆ. ಕಡಕ್ ರೊಟ್ಟಿ ಮಾಡಿಟ್ಟಿದ್ದೇನೆ, ಶೇಂಗಾ ಚಟ್ನಿ ನೀನು ಬಂದ ಮೇಲೆ ಕುಟ್ಟೋಣ. ಅಪ್ಪನ ಲೋಟದಲ್ಲಿ ಈಗ ನಾನು ನೀರು ಕುಡಿಯುತ್ತೇನೆ. ದಿನಾ ಬೂದಿ ಹಚ್ಚಿ ತಿಕ್ಕಿದರೂ ನಿನ್ನ ಕೆಂಪು ಗೆರೆ ಹೋಗಿಲ್ಲ. ಗೆರೆಯವರೆಗೆ ತುಂಬಿಕೊಂಡು, ಅದನ್ನು ಕುಡಿದು, ಮತ್ತೆ ತುಂಬಿಕೊಳ್ಳುತ್ತೇನೆ.

ನಿನ್ನ
ಅವ್ವ